ಬಾಯಿಗೆ ಬೀಗ

ತನ್ನದೇ ಕತೆಯ ಮೊದಲ ಸಾಲು ಓದಿದ ಕೂಡಲೇ ನಸೀಮಳ ಪಿತ್ತ ನೆತ್ತಿಗೇರಿತು. ಎಲ್ಲರಿಗೂ ಹಂಚಿದ್ದ ಹಾಳೆಯ ಮೇಲೆ ಹೆಸರು ಅವಳದೇ ಇತ್ತು, ಸಾಲು ಮಾತ್ರ ಅವಳದಲ್ಲ.

ಕೊಲ್ಲಿ ನಾಡಿನ ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದರ ಹಾಲ್‌ನಲ್ಲಿ ಕ್ಲಾಸು ನಡೆಯುತ್ತಿತ್ತು. ಇಂಗ್ಲಿಷ್‌ನಲ್ಲಿ ಕತೆ ಬರೆಯುವುದನ್ನು ಕಲಿಸುವ ಡಿಗ್ರಿ. ವರ್ಷಕ್ಕೆ ಎರಡು ಸಲ ಒಂದೊಂದು ವಾರ ಇಲ್ಲಿ ಬಂದು ಕೂರಬೇಕು, ಉಳಿದಂತೆ ಮನೆಯಲ್ಲೇ ಬರೆದು ಮೇಡಂಗೆ ಮೇಲ್ ಮಾಡಬೇಕು. ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ದಿನವಿಡೀ ನಿಂತು, ಮನೆಗೆ ಬಂದು ಅಡುಗೆಗೆ ನಿಲ್ಲುವ ನಲವತ್ತರ ಹೆಂಗಸಿಗೆ ಬೇರೆ ಯಾವ ಕಾಲೇಜು ಒದಗೀತು? ಮದುವೆಯ ನೆಪದಲ್ಲಿ ಮಂಗಳೂರಿನ ಕಾಲೇಜು ಬಿಡಿಸಿದ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ. "ಸುಳ್ಳು ಹೇಳಲಿಕ್ಕೂ ಸರ್ಟಿಫಿಕೇಟ್ ಬೇಕಾ ನಿನಗೆ?" ಎಂದು ಗಂಡ ಶಮೀರ್ ಕೇಳಿದಾಗ ವಾದಕ್ಕೆ ಕೂರದೆ ಹೋಗಿ ಸೇರಿಕೊಂಡಿದ್ದಳು. ಈಗ ಮೂರನೇ ವರ್ಷ.

ಈ ಸಲದ ಕತೆ ಅವಳ ಅತ್ತೆಯದು. ವಿಸಿಟ್ ವೀಸಾದಲ್ಲಿ ಬಂದ ಅತ್ತೆ ಡಿಸ್ಕವರಿ ಗಾರ್ಡನ್ಸಿನ ಇವರ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಬ್ಯಾರಿ ಭಾಷೆಯಲ್ಲೇ ಮಾತಾಡಿಸಿದ ಕತೆ. ನೇಪಾಳದ ವಾಚ್‌ಮನ್‌ಗೆ ಅಕ್ಕಿರೊಟ್ಟಿ ಪತ್ತಿರ್ ತಿನ್ನಿಸಿ, ಅವನ ಮದುವೆಯ ಮಾತುಕತೆಗೂ ಕೈಹಾಕಿದ ಕತೆ. "ನಮ್ಮ ಮಾಮಿಯ ಬಾಯಿಗೆ ಬೀಗ ಇರಲಿಲ್ಲ, ಇದ್ದಿದ್ದರೆ ಅದನ್ನೂ ಮಾತಾಡಿಸಿಯೇ ತೆರೆಯುತ್ತಿದ್ದರು" ಎಂದು ಶುರುವಾಗುತ್ತಿತ್ತು. ಕನ್ನಡ ಮೀಡಿಯಮ್ಮಿನ ನಸೀಮ ಮನಸ್ಸಿಗೆ ಬಂದದ್ದನ್ನು ಬಂದ ಹಾಗೆಯೇ ಇಂಗ್ಲಿಷಿಗೆ ಇಳಿಸಿದ್ದಳು.

ಕೈಯಲ್ಲಿದ್ದ ಹಾಳೆಯಲ್ಲಿ ಬೀಗವೇ ಇರಲಿಲ್ಲ. 'ನನ್ನ ಅತ್ತೆ ಎಲ್ಲರೊಡನೆ ಬೆರೆಯುವ ಸ್ವಭಾವದ ಮಹಿಳೆ' ಎಂದಿತ್ತು. ಊರಿನ ಫೋನಿಗಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಮುದುಕಿ ಇಲ್ಲಿ 'ಆತಂಕದಿಂದ ನಿರೀಕ್ಷಿಸುತ್ತಿದ್ದರು'. ಪತ್ತಿರ್ ಹೋಗಿ ಅಕ್ಕಿಯ ಪ್ಯಾನ್‌ಕೇಕ್ ಬಂದಿತ್ತು. ಅಲ್ಲಾ, ಆ ಅತ್ತೆ ಪ್ಯಾನ್‌ಕೇಕ್ ಕಂಡಿದ್ದರೆ ತಾನೇ!

ಯಾರ ಕೆಲಸವೆಂದು ಯೋಚಿಸಬೇಕಾಗಿರಲಿಲ್ಲ. ಮೇಲ್ ಕಳಿಸಬೇಕಾದ ದಿನ ಡ್ಯೂಟಿಯಿತ್ತೆಂದು ಮಗಳು ನಾಫಿಯಾಳಿಗೆ ಒಪ್ಪಿಸಿದ್ದಳು. ಅವಳು ಕಳಿಸುವ ಮೊದಲು ಇಂಗ್ಲಿಷ್ ತಿದ್ದುವ ಆ್ಯಪ್‌ಗೆ ಹಾಕಿ ತೊಳೆದಿದ್ದಳು. ಕೊನೆಯ ದಿನ ಮನೆಯವರೂ ಬರಬಹುದಾಗಿದ್ದರಿಂದ ಇವತ್ತು ನಾಫಿಯಾ ಹಿಂದಿನ ಸಾಲಿನಲ್ಲೇ ಕೂತಿದ್ದಳು. ತಾಯಿ ತಿರುಗಿ ನೋಡಿದಾಗ ನಗುತ್ತಾ ಹೆಬ್ಬೆರಳೆತ್ತಿ ತೋರಿಸಿದಳು. ಎದ್ದು ಹೋಗಿ ಕಪಾಳಕ್ಕೆ ಬಿಡುವಷ್ಟು ಕೋಪ ಬಂತು ನಸೀಮಳಿಗೆ.

ಬಾಯಿ ತೆರೆಯುವಂತೆಯೂ ಇರಲಿಲ್ಲ. ಕ್ಲಾಸಿನವರು ಕತೆಯ ಬಗ್ಗೆ ಮಾತಾಡುವಷ್ಟು ಹೊತ್ತು ಬರೆದವರು ತುಟಿ ಪಿಟಕ್ಕೆನ್ನಬಾರದು, ಅದು ಇಲ್ಲಿನ ನಿಯಮ. ಮೊದಲು ಬಾಯಿ ತೆರೆದವನು ಬ್ಯಾಂಕಿನ ಶರ್ವಿನ್. ಎರಡು ವರ್ಷ ಅವಳ ಸಾಲುಗಳಿಗೆ ಕೆಂಪು ಗೀಟೆಳೆದು "ಇಂಗ್ಲಿಷ್‌ನಲ್ಲಿ ಹೀಗೆ ಹೇಳುವುದಿಲ್ಲ" ಎಂದು ಬರೆದ ಮಹಾಶಯ. "ಎಷ್ಟು ಸ್ವಚ್ಛವಾಗಿದೆ! ಎಲ್ಲೂ ಎಡವಲಿಲ್ಲ ನಾನು" ಎಂದ. ಸುತ್ತ ಕೂತವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ಮೇಡಂ ಕನ್ನಡಕ ತೆಗೆದು, "ನಸೀಮ, ನಿಮಗೆ ನಿಮ್ಮ ದನಿ ಕೊನೆಗೂ ಸಿಕ್ಕಿತು. ಇದನ್ನು ಈ ವರ್ಷದ ಸಂಕಲನಕ್ಕೆ ತೆಗೆದುಕೊಳ್ಳೋಣ. ಈಗ ನೀವು ಮಾತಾಡಬಹುದು" ಎಂದರು.

ಥ್ಯಾಂಕ್ಸ್ ಅಂದುಬಿಟ್ಟರೆ ಮುಗಿಯಿತು. ಅಚ್ಚಾದ ಪುಸ್ತಕದಲ್ಲಿ ಹೆಸರು ಬರುತ್ತದೆ, ಶಮೀರ್‌ನ ಬಾಯಿ ಮುಚ್ಚುತ್ತದೆ, ಮುಂದಿನ ವರ್ಷ ಡಿಗ್ರಿ ಕೈಗೆ ಬರುತ್ತದೆ. ನಿಜ ಹೇಳಿದರೆ? ಬೇರೆಯವರು ಬರೆದುಕೊಟ್ಟದ್ದನ್ನು ತನ್ನದೆಂದು ಕೊಟ್ಟವರ ಹೆಸರನ್ನೇ ಕಾಲೇಜು ಹೊಡೆದುಹಾಕುತ್ತಿತ್ತು.

"ಇದು ನಾನು ಬರೆದದ್ದಲ್ಲ," ಎಂದಳು ನಸೀಮ. "ಯಾವುದೋ ಆ್ಯಪ್ ಬರೆದದ್ದು. ನೀವೆಲ್ಲ ಇಷ್ಟು ದಿನ ಗೀಟು ಹಾಕಿದ್ದೀರಲ್ಲ, ಅದು ನನ್ನದು."

ಶರ್ವಿನ್ ಹಾಳೆ ಮಗುಚತೊಡಗಿದ. ಮೇಡಂ ಮುಖ ಗಂಟಾಯಿತು. "ಇದನ್ನು ನಾನು ಕಮಿಟಿಗೆ ತಿಳಿಸಲೇಬೇಕಾಗುತ್ತದೆ. ಏನಾಗಬಹುದು ಅಂತ ಗೊತ್ತಲ್ಲ?"

"ಗೊತ್ತು, ತಿಳಿಸಿ. ನನ್ನ ಕತೆಯನ್ನೂ ಕಳಿಸುತ್ತೇನೆ, ಕಮಿಟಿಯವರು ಅದನ್ನೂ ಓದಲಿ."

ಬ್ಯಾಗು ಹೆಗಲಿಗೇರಿಸಿ ಹೊರಟವಳು ಲಿಫ್ಟಿನಲ್ಲಿ ಮಗಳ ಮುಖ ನೋಡಲಿಲ್ಲ. ಕೆಳಗೆ ಪಾರ್ಕಿಂಗ್‌ನ ಸೆಕೆಯಲ್ಲಿ ನಾಫಿಯಾ ಅಳುತ್ತಾ ಅಡ್ಡ ನಿಂತಳು. "ಉಮ್ಮ, ಸಾರಿ. ಐ ಡಿಡಿಂಟ್ ವಾಂಟ್ ದೆಮ್ ಟು ಲಾಫ್!"

"ನಗಬಾರದಾ?" ನಸೀಮಳ ದನಿ ಕಾರುಗಳ ಮೇಲೆಲ್ಲ ಹಾರಿತು. "ನಗಲಿ ಅಂತಲೇ ಅಲ್ವಾ ಮಾರಾಯ್ತಿ ನಾನು ಬರೆದದ್ದು! ಅಷ್ಟು ಜನ ಓದಿದರಲ್ಲ ಇವತ್ತು, ಒಬ್ಬರಾದರೂ ನಕ್ಕದ್ದು ಉಂಟಾ?"