ನೆಟ್ಟಕ್ಕನ ತಮ್ಮನ ಕೋಟು

ನೆಟ್ಟಕ್ಕ ತೀರಿಕೊಂಡದ್ದು ಅರ್ಧ ಬೀದಿಯ ಕಣ್ಣೆದುರಿಗೇ ಆದರೂ ಬಹಳ ಹೊತ್ತು ಯಾರಿಗೂ ತಿಳಿಯಲಿಲ್ಲ. ಅದಕ್ಕೆ ಕಾರಣ ಆಕೆ ಕೂತಿದ್ದ ರೀತಿ. ಬೆಳಗಿನ ಎಳೆಬಿಸಿಲಿಗೆಂದು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಆಕೆ ಎಂದಿನಂತೆಯೇ ಕೂತಿದ್ದಳು. ಪಾದ ಎರಡೂ ನೆಲಕ್ಕೆ ಊರಿದ್ದವು, ಕೈಗಳು ತೊಡೆಯ ಮೇಲಿದ್ದವು, ಕಿವಿಗಳು ಭುಜದ ನೇರಕ್ಕಿದ್ದವು. ಗದ್ದ ಮೇಲಕ್ಕೂ ಎದ್ದಿರಲಿಲ್ಲ, ಕೆಳಕ್ಕೂ ಬಿದ್ದಿರಲಿಲ್ಲ. ಶಾಲೆಯಲ್ಲಿ ಡ್ರಿಲ್ ಟೀಚರಾಗಿ ಒಂದು ಜನ್ಮಕ್ಕಾಗುವಷ್ಟು ಮಕ್ಕಳಿಗೆ "ನೆಟ್ಟಗೆ!" ಎಂದು ಕೂಗಿ ಕೂಗಿ, ಆ ಮಾತೇ ಆಕೆಗೆ ಹೆಸರಾಗಿ ಅಂಟಿಕೊಂಡಿತ್ತು. ಅಂಥವಳ ಬೆನ್ನನ್ನು ಬಾಗಿಸುವುದು ಸಾವಿನ ಕೈಯಲ್ಲೂ ಆಗಿರಲಿಲ್ಲ.

ಪೇಪರು ಹಾಕುವವನು ಬಂದು ನಮಸ್ಕಾರ ಹೇಳಿದ. ಉತ್ತರವಿಲ್ಲ. ತನ್ನ ಭುಜ ಜೋತುಬಿದ್ದಿದೆ, ಅದಕ್ಕೇ ಈ ಸಿಟ್ಟು ಎಂದುಕೊಂಡು ಎದೆ ಎತ್ತಿ ಇನ್ನೊಮ್ಮೆ ಹೇಳಿದ. ಆಗಲೂ ಇಲ್ಲ. ಮುಖ ಸಪ್ಪೆ ಮಾಡಿಕೊಂಡು ಸೈಕಲ್ ಹತ್ತಿದ. ಎದುರುಮನೆಯಾಕೆ ಬಾಗಿಲ ಮುಂದೆ ಗುಡಿಸುತ್ತಿದ್ದವಳು, ನೆಟ್ಟಕ್ಕ ತನ್ನನ್ನೇ ದಿಟ್ಟಿಸುತ್ತಿದ್ದಾಳೆಂದು ಗಾಬರಿಯಾಗಿ, ಸೊಂಟ ಬಗ್ಗಿಸುವುದನ್ನು ಬಿಟ್ಟು ಮಂಡಿ ಬಗ್ಗಿಸಿ ಬಾತುಕೋಳಿಯ ಹಾಗೆ ಅಂಗಳವನ್ನೆಲ್ಲ ಗುಡಿಸಿದಳು. ಶಭಾಷ್ ಎನ್ನಲಿಲ್ಲವಲ್ಲ ಎಂದು ಆಕೆಗೂ ಬೇಸರವಾಯಿತು.

ಕೊನೆಗೆ ತಮ್ಮ ಬಂದ. ಇವನು ಟೈಲರ್. ಬುದ್ಧಿ ಬಂದಾಗಿನಿಂದ ಹೊಲಿಗೆ ಮೆಷಿನ್ನಿನ ಮುಂದೆ ಮುದುಡಿ ಕೂತು ಕೂತು ಬೆನ್ನು ಬಿಲ್ಲಾಗಿ, ಕತ್ತು ಮುಂದಕ್ಕೆ ಚಾಚಿ, ಊರೆಲ್ಲ ಇವನನ್ನು ಕೊಕ್ಕೆ ಟೈಲರ್ ಎಂದೇ ಕರೆಯುತ್ತಿತ್ತು. ತಾಯಿ ಹೋದ ಮೇಲೆ ಇವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಅಂಗಡಿ ತೆರೆಯುವ ಮೊದಲು ಆಕೆಯ ಮನೆಯಲ್ಲಿ ಕಾಫಿ ಕುಡಿಯುವುದು, ಕಾಫಿಗೆ ಮೊದಲು "ನೆಟ್ಟಗೆ!" ಎಂದು ಬೈಸಿಕೊಳ್ಳುವುದು ಇವನ ದಿನಚರಿ. ಅಂದು ಗೇಟು ದಾಟಿ ಬಂದರೂ ಬೈಗುಳ ಬರಲಿಲ್ಲ. ತಮಾಷೆಗೆಂದು ಬೇಕೆಂದೇ ಇನ್ನಷ್ಟು ಬಾಗಿ ನಿಂತ. ಮೂಗು ಮಂಡಿಗೆ ತಗಲುವಷ್ಟು ಬಾಗಿದ. ಅಕ್ಕ ಸುಮ್ಮನಿದ್ದಳು.

ಅವನು ಒಳಬಾಗಿಲ ಕಡೆ ತಿರುಗಿ ಕೂಗಿದ.

"ಭಾವಾ! ಬೇಗ ಬನ್ನಿ! ಅಕ್ಕ ಬೈತಿಲ್ಲ!"

ಭಾವ ಒಳಗಿನಿಂದ ಓಡಿ ಬಂದ. ಕೈ ಮುಟ್ಟಿ ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. "ಮಾತಾಡಲಿಲ್ಲ ಕಣೋ ಬೆಳಗ್ಗೆಯಿಂದ. ರಾತ್ರಿ ಸೋಫಾದ ಮೇಲೆ ಅಡ್ಡಾದಿಡ್ಡಿ ಬಿದ್ಕೊಂಡಿದ್ದೆ ನೋಡು, ಅದಕ್ಕೇ ಮುನಿಸ್ಕೊಂಡಿದ್ದಾಳೆ ಅಂದ್ಕೊಂಡೆ" ಎಂದು ಮಗುವಿನ ಹಾಗೆ ಅತ್ತ. ಅಳುವಾಗ ಬೆನ್ನು ಬಾಗಿತೆಂದು ನೆನಪಾಗಿ, ಬೆಚ್ಚಿಬಿದ್ದು ನೆಟ್ಟಗಾಗಿ, ಮತ್ತೆ ಅತ್ತ. ದೇವರು ಕರೆದುಕೊಂಡ ಜೀವ. ಅದಕ್ಕೆ ಮನುಷ್ಯ ಮಾಡುವುದೇನಿದೆ?

ಮಣ್ಣಿನ ಕೆಲಸ ಮುಗಿಯಿತು. ಅಳುವವರು ಅತ್ತು ಹೋದರು. ವಾರ ಕಳೆದ ಮೇಲೆ ಪ್ರಾರ್ಥನಾ ಮಂದಿರದಲ್ಲಿ ಆಕೆಯ ಆತ್ಮಶಾಂತಿಗೆ ಪ್ರಾರ್ಥನೆ ಎಂದು ನಿಶ್ಚಯವಾಯಿತು. ಆಗ ಟೈಲರಿಗೆ ಹಳೆಯ ಮಾತೊಂದು ನೆನಪಾಯಿತು. ಅಕ್ಕ ಕಾಯಿಲೆ ಬಿದ್ದು ಎದ್ದಿದ್ದಾಗ ಒಮ್ಮೆ ಹೇಳಿದ್ದಳು: "ನಾನು ಹೋದ ಮೇಲೆ ನನ್ನ ಪ್ರಾರ್ಥನೇನ ನೀನೇ ಹೇಳ್ಬೇಕು ಕಣೋ. ಅಳ್ತಾ ಮುದುಡ್ಕೊಂಡು ಅಲ್ಲ. ಎಲ್ಲರ ಮುಂದೆ, ನೆಟ್ಟಗೆ ನಿಂತು." ಇವನು ಗುಂಡಿ ಹೊಲಿಯುತ್ತ, ತಲೆ ಎತ್ತದೆ, "ಆಯ್ತಕ್ಕ" ಎಂದುಬಿಟ್ಟಿದ್ದ.

ಜೀವ ಇರುವಾಗ ಆಕೆ ಹೇಳಿದ್ದನ್ನು ಒಂದನ್ನೂ ನಡೆಸಿಕೊಟ್ಟವನಲ್ಲ. "ಸ್ಟೂಲು ಎತ್ತರ ಮಾಡ್ಕೋ, ಬಟ್ಟೇನ ಕಣ್ಣಿನ ಹತ್ರ ತಗೊಂಡು ಬಾ, ಕಣ್ಣನ್ನ ಬಟ್ಟೆ ಹತ್ರ ತಗೊಂಡು ಹೋಗಬೇಡ" ಎನ್ನುವಳು. "ಬೆನ್ನು ಮಡಚಿದ್ರೆ ಹೊಟ್ಟೆ ಮಡಚುತ್ತೆ. ಹೊಟ್ಟೆ ಮಡಚಿದ್ರೆ ತಿಂದದ್ದು ಎಲ್ಲಿಗೆ ಹೋಗ್ಬೇಕು ಪಾಪ?" ಎನ್ನುವಳು. ಇವನಿಗೆ ಕತ್ತು ನೋವು, ಹುಳಿತೇಗು, ಸಂಜೆಯಾದರೆ ತಲೆಭಾರ. ಎಲ್ಲಕ್ಕೂ ಗುಳಿಗೆ ನುಂಗಿದನೇ ಹೊರತು ಸ್ಟೂಲು ಎತ್ತರವಾಗಲಿಲ್ಲ. ಅದರ ಬದಲು ಇವನು ಮಾಡಿದ್ದು ಶುದ್ಧ ಟೈಲರ್ ಬುದ್ಧಿ. ತನ್ನ ಅಂಗಿಗಳಿಗೆ ಬೆನ್ನಿನ ಕಡೆ ಬಟ್ಟೆ ಉದ್ದ ಬಿಟ್ಟು, ಎದೆಯ ಕಡೆ ಗಿಡ್ಡ ಮಾಡಿ, ಗೂನು ಕಾಣದ ಹಾಗೆ ಕತ್ತರಿಸಿಕೊಂಡ. "ಗೂನಿಗೆ ಮನೆ ಕಟ್ಟಿಕೊಟ್ಟಿದ್ದೀಯಲ್ಲೋ, ಮಹಡಿ ಯಾವಾಗ?" ಎಂದು ಅಕ್ಕ ಕೇಳಿದ್ದಳು.

ಈಗ ಉಳಿದದ್ದು ಇದೊಂದೇ ಮಾತು. ಇದನ್ನೂ ತಪ್ಪಿದರೆ ಅಕ್ಕನಿಗೆ ಮುಖ ತೋರಿಸುವುದು ಹೇಗೆ?

ಮೊದಲು ಪಕ್ಕದಂಗಡಿಯ ಕ್ಷೌರಿಕನ ಹತ್ತಿರ ಹೋದ. ಕತ್ತು ಲಟಕ್ಕೆನಿಸುವುದರಲ್ಲಿ ಅವನದು ಎತ್ತಿದ ಕೈ. ಇವನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ಮಂಡಿ ಕೊಟ್ಟು, ಭುಜ ಹಿಡಿದು ಹಿಂದಕ್ಕೆ ಜಗ್ಗಿದ. ಲಟಲಟ ಎಂದದ್ದು ಕುರ್ಚಿಯ ಕಾಲು. ಇಬ್ಬರೂ ನೆಲದ ಮೇಲಿದ್ದರು.

"ಟೈಲರಣ್ಣ, ನಿನ್ನ ಬೆನ್ನಿಗೆ ನಾನು ಸಾಲಲ್ಲ. ಕಮ್ಮಾರನ್ನ ಕೇಳು" ಎಂದ ಕ್ಷೌರಿಕ, ಧೂಳು ಕೊಡವಿಕೊಳ್ಳುತ್ತ.

ಮನೆಯಲ್ಲಿ ಗೋಡೆಗೆ ಆತು ನಿಂತ. ಅಕ್ಕ ಮಕ್ಕಳಿಗೆ ಹಾಗೆಯೇ ಕಲಿಸುತ್ತಿದ್ದಳು. ಹಿಮ್ಮಡಿ ತಗಲಿತು, ಸೊಂಟ ತಗಲಿತು, ಬೆನ್ನು ಗೊಣಗುತ್ತ ತಗಲಿತು. ತಲೆ ಮಾತ್ರ ಗೋಡೆಯ ಜೊತೆ ಮಾತು ಬಿಟ್ಟವರ ಹಾಗೆ ದೂರವೇ ನಿಂತಿತು. ತಲೆ ತಗಲಿಸಲು ಹೋದರೆ ಹೊಟ್ಟೆ ಮುಂದಕ್ಕೆ ಬಂತು. ಹೊಟ್ಟೆ ಒಳಗೆಳೆದರೆ ಉಸಿರು ನಿಂತಿತು.

"ಇನ್ನು ಸ್ವಲ್ಪ ಹೊತ್ತು ಹಾಗೇ ಇದ್ರೆ ಹಲ್ಲಿ ಬಂದು ನೆಂಟಸ್ತನ ಕೇಳುತ್ತೆ" ಎಂದಳು ಹೆಂಡತಿ. "ಸ್ವಲ್ಪ ಸ್ವಲ್ಪವಾಗಿ ಮಾಡ್ರೀ. ಜೀವಮಾನವೆಲ್ಲ ಬಗ್ಗಿಸಿದ್ದನ್ನ ವಾರದಲ್ಲಿ ಎತ್ತೋಕಾಗುತ್ತಾ?"

"ವಾರದಲ್ಲೇ ಆಗ್ಬೇಕು. ಪ್ರಾರ್ಥನೆ ಮುಂದಕ್ಕೆ ಹಾಕಿ ಅಂತ ದೇವರನ್ನ ಕೇಳೋಕಾಗುತ್ತಾ?"

ಹಾಗೆ ಕೂಗಾಡಿ ಅಂಗಡಿಗೆ ಹೋದವನಿಗೆ, ಮೆಷಿನ್ನಿನ ಮುಂದೆ ಕೂತು ಯಾರದೋ ಅಂಗಿಯ ಕಾಲರು ಮಡಚುವಾಗ, ಥಟ್ಟನೆ ಒಂದು ಉಪಾಯ ಹೊಳೆಯಿತು. ಕಾಲರು ನೆಟ್ಟಗೆ ನಿಲ್ಲುವುದು ಏತರಿಂದ? ಒಳಗಿಟ್ಟು ಹೊಲಿಯುವ ಗಟ್ಟಿ ಬಟ್ಟೆಯಿಂದ. ಅದಕ್ಕೆ ಟೈಲರುಗಳು ಬಕ್ರಮ್ ಎನ್ನುತ್ತಾರೆ. ಒಂದು ಚೂರು ಬಕ್ರಮ್ ಕಾಲರನ್ನು ನಿಲ್ಲಿಸುವುದಾದರೆ, ಬೆನ್ನ ತುಂಬ ಬಕ್ರಮ್ ಇಟ್ಟರೆ ಮನುಷ್ಯ ನಿಲ್ಲುವುದಿಲ್ಲವೇ? ಇಂಥ ಯೋಚನೆ ವೈದ್ಯನಿಗೆ ಬರುವುದಿಲ್ಲ, ಬಡಗಿಗೂ ಬರುವುದಿಲ್ಲ. ಟೈಲರಿಗೇ ಬರಬೇಕು.

ಬಾಗಿಲು ಹಾಕಿಕೊಂಡು ಕೋಟು ಹೊಲಿದ. ಒಂದು ಪದರ ಸಾಲದೆಂದು ಪದರದ ಮೇಲೆ ಪದರ ಇಟ್ಟ. ಭುಜಕ್ಕೆ ಇಟ್ಟ, ಪಕ್ಕೆಗೆ ಇಟ್ಟ, ಎದೆಗೂ ಒಂದಿಷ್ಟು ಇರಲಿ ಎಂದು ಇಟ್ಟ. ಅಳತೆಯನ್ನು ತನ್ನ ಬೆನ್ನಿನಿಂದ ತೆಗೆಯಲಿಲ್ಲ. ನೆಟ್ಟಗಿರುವವನಿಗೆ ಇರಬೇಕಾದ ಅಳತೆಯನ್ನು ಮನಸ್ಸಿನಲ್ಲೇ ಊಹಿಸಿಕೊಂಡ. ಸೂಜಿಗಳು ಪಟಪಟ ಮುರಿದವು. ಮುಗಿದ ಮೇಲೆ ಕೋಟನ್ನು ನೆಲದ ಮೇಲಿಟ್ಟರೆ ಅದು ಒಳಗೆ ಯಾರೂ ಇಲ್ಲದೆಯೇ ತಾನಾಗಿ ನಿಂತಿತು. ಟೈಲರಿಗೆ ಆನಂದಬಾಷ್ಪ ಬಂತು.

ಪ್ರಾರ್ಥನೆಯ ದಿನ ತೊಟ್ಟುಕೊಂಡ. ತೊಟ್ಟುಕೊಂಡ ಎನ್ನುವುದಕ್ಕಿಂತ ಒಳಹೊಕ್ಕ ಎನ್ನುವುದೇ ಸರಿ. ಹೆಂಡತಿ ಒಳಗಿನಿಂದ ಬಂದು ನೋಡಿ ಬಾಯಿ ಮೇಲೆ ಕೈಯಿಟ್ಟಳು.

"ಅಯ್ಯೋ ದೇವರೇ, ಇದು ಕೋಟೋ ಕಪಾಟೋ?"

"ಬೆನ್ನು ನೋಡೇ, ಬೆನ್ನು! ಹೇಗಿದೆ?"

"ಬೆನ್ನೇನೋ ನೆಟ್ಟಗಿದೆ. ನೀವೆಲ್ಲಿದ್ದೀರಿ?"

ಬೀದಿಯಲ್ಲಿ ನಡೆದರೆ ಯಾರೋ ಬೀರು ಸಾಗಿಸಿದ ಹಾಗಿತ್ತು. ಯಾರಾದರೂ ಮಾತಾಡಿಸಿದರೆ ಕತ್ತು ತಿರುಗದು, ಆಸಾಮಿ ಪೂರ್ತಿ ತಿರುಗಬೇಕು. ಆಟೋದೊಳಗೆ ಮಡಚಿ ಕೂರಲು ಬಾರದೆ, ಸೀಟಿನ ಮೇಲೆ ಓರೆಯಾಗಿ ಒರಗಿಸಿಟ್ಟ ಹಲಗೆಯ ಹಾಗೆ ಹೋಗಬೇಕಾಯಿತು. ಕಾಲರು ಕಿವಿಯವರೆಗೆ ಏರಿ, ಹೆಂಡತಿ ಹೇಳಿದ್ದೇನೂ ಕೇಳಿಸಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತು.

ಮಂದಿರ ತುಂಬಿತ್ತು. ನೆಟ್ಟಕ್ಕನ ಕೈಯಲ್ಲಿ ಕಲಿತವರು, ಬೈಸಿಕೊಂಡವರು, ಬೆನ್ನಿಗೆ ಗುದ್ದಿಸಿಕೊಂಡವರು ಎಲ್ಲ ಬಂದಿದ್ದರು. ಬಂದವರೆಲ್ಲ ಹೆದರಿ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಆಕೆ ಎಲ್ಲಿಂದಾದರೂ ನೋಡುತ್ತಿದ್ದರೆ ಎಂಬ ಅಂಜಿಕೆ. ಟೈಲರ್ ನಡುವೆ ನಡೆದು ಬಂದಾಗ ಸಾಲಿನಿಂದ ಸಾಲಿಗೆ ಪಿಸುಮಾತು ಓಡಿತು.

"ಕೊಕ್ಕೆ ಅಲ್ವಾ ಇವನು? ಗೂಟ ಆಗ್ಬಿಟ್ಟಿದ್ದಾನಲ್ಲ!"

"ಅಕ್ಕ ಮೈಮೇಲೆ ಬಂದಿರ್ಬೇಕು ಕಣಯ್ಯ."

ಮಂದಿರದ ಹಿರಿಯರು ಕನ್ನಡಕ ಸರಿಮಾಡಿಕೊಂಡು ನೋಡಿ ತಲೆದೂಗಿದರು. ಭಾವನ ಕಣ್ಣು ತುಂಬಿ ಬಂತು. ಟೈಲರ್ ಎಲ್ಲರ ಮುಂದೆ ನಿಂತ. ನೆಟ್ಟಗೆ ನಿಂತ. ಅಕ್ಕನ ಮಾತು ನಡೆಸಿಕೊಟ್ಟೆ ಎಂದು ಮನಸ್ಸು ಹಿಗ್ಗಿತು. ಮನಸ್ಸಿಗೆ ಹಿಗ್ಗಲು ಜಾಗವಿತ್ತು, ಎದೆಗೆ ಇರಲಿಲ್ಲ.

ಪ್ರಾರ್ಥನೆಗೆ ಬಾಯಿ ತೆರೆದ. ಉಸಿರೆಳೆದುಕೊಳ್ಳಲು ಹೋದರೆ ಉಸಿರು ಗಂಟಲವರೆಗೆ ಬಂದು, ಮುಂದೆ ದಾರಿ ಕಾಣದೆ ವಾಪಸು ಹೋಯಿತು. "ದೇ..." ಎಂದ. ಬಂದದ್ದು ಎಣ್ಣೆ ಕಾಣದ ಬಾಗಿಲ ಸದ್ದು.

"ದೇ... ದೇ..."

"ಏನು ಬೇಡ್ತಾ ಇದ್ದಾನೆ?" ಎಂದರು ಕಿವಿ ಮಂದವಾದ ಹಿರಿಯರು.

"ದೇವರೇ ಅನ್ನೋಕೆ ಹೋಗ್ತಿದ್ದಾನೆ, ಸಿಕ್ಕಾಕ್ಕೊಂಡಿದೆ" ಎಂದ ಕ್ಷೌರಿಕ.

ಸಂಕಟದಲ್ಲಿ ಟೈಲರನ ಕಣ್ಣಿಗೆ ನೀರು ಬಂದು ಮೂಗಿನ ಮೇಲಿದ್ದ ಕನ್ನಡಕ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಲಾಗದೆ, ಕಾಲಿನಿಂದ ತಡಕಾಡಿದ. ಕೊಡಲೆಂದು ಭಾವ ಎದ್ದು ಬಂದು ಬಗ್ಗಿದ. ಅದೇ ಹೊತ್ತಿಗೆ ಟೈಲರ್ ಮಂಡಿ ಬಗ್ಗಿಸಿದ. ಕೋಟಿನ ಅಂಚು ಭಾವನ ನೆತ್ತಿಗೆ ಟಣ್ಣನೆ ಬಡಿಯಿತು.

"ಏನೋ ಇದು, ಒಳಗೆ ತಗಡು ಇಟ್ಟಿದ್ದೀಯಾ?"

"ಬಕ್... ರಮ್..."

ಟೈಲರನ ಮುಖ ಕೆಂಪಾಗಿ, ಆಮೇಲೆ ಬೇರೆ ಬೇರೆ ಬಣ್ಣಕ್ಕೆ ತಿರುಗಿತು. ಬಿಚ್ಚೋಣವೆಂದರೆ ಗುಂಡಿಗಳು ಬಿಗಿದು ಕೂತಿದ್ದವು. ಬಿಚ್ಚಿದರೆ ಬೆನ್ನು ಹಳೆಯ ಜಾಗಕ್ಕೆ ಹೋಗುತ್ತದೆ, ಮಾತು ತಪ್ಪುತ್ತದೆ. ಬಿಚ್ಚದಿದ್ದರೆ ಪ್ರಾರ್ಥನೆಯೇ ಹೊರಡುವುದಿಲ್ಲ. ಅಕ್ಕ ಕೇಳಿದ್ದು ಎರಡನ್ನೂ. ನಿಂತರೆ ಹೇಳಲಾರ, ಹೇಳಿದರೆ ನಿಲ್ಲಲಾರ. ಅವನು ಅಲ್ಲಾಡದೆ ನಿಂತ, ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಿತ್ತು.

ಹೆಂಡತಿ ಎದ್ದು ಬಂದಳು. ಟೈಲರನ ಹೆಂಡತಿಯ ಚೀಲದಲ್ಲಿ ಕತ್ತರಿ ಇಲ್ಲದೆ ಇರುತ್ತದೆಯೇ?

"ಉಸಿರೇ ಇಲ್ದೆ ನೆಟ್ಟಗೆ ನಿಲ್ಲೋದು ಕಂಬ ಕಣ್ರೀ. ಕಂಬದ ಹತ್ರ ಪ್ರಾರ್ಥನೆ ಹೇಳಿಸೋ ಹಾಗಿದ್ರೆ ನಿಮ್ಮಕ್ಕ ಕಂಬಕ್ಕೇ ಹೇಳಿರ್ತಿದ್ರು" ಎಂದು ಗದರಿ, ಹಿಂದೆ ಹೋಗಿ, ಕಾಲರಿನಿಂದ ಕೆಳಗಿನವರೆಗೆ ಕೋಟಿನ ಬೆನ್ನು ಸೀಳಿ, ಮುಂದೆ ಬಂದು ಗುಂಡಿಗಳನ್ನೂ ಕತ್ತರಿಸಿದಳು. ಚರ್‍ರೆಂದು ಸದ್ದಾಗಿ ಎರಡು ಹೋಳುಗಳೂ ಆಚೆಗೊಂದು ಈಚೆಗೊಂದು ಬಿದ್ದವು. ಬಿದ್ದ ಮೇಲೂ ನೆಟ್ಟಗೇ ಇದ್ದವು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಂದ ನಗು ಹಬ್ಬಿ, ಇಷ್ಟು ಹೊತ್ತು ಹೆದರಿ ಬಿಗಿದುಕೊಂಡಿದ್ದ ಬೆಂಚುಗಳೆಲ್ಲ ಸಡಿಲಾದವು. ಭಾವನೂ ನೆತ್ತಿ ಉಜ್ಜಿಕೊಳ್ಳುತ್ತ ನಕ್ಕ. ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಟೈಲರ್ ಬರಿಯ ಅಂಗಿಯಲ್ಲಿ ನಿಂತಿದ್ದ. ಉಸಿರು ಒಳಗೆ ಹೋಯಿತು. ಗಂಟಲು ದಾಟಿ, ಎದೆ ದಾಟಿ, ಹೊಟ್ಟೆಯ ತಳದವರೆಗೆ ಹೋಯಿತು. ಹೋದ ಉಸಿರಿನ ಜೊತೆಗೆ, ಯಾರೂ ಜಗ್ಗದೆ, ಪಕ್ಕೆಗಳು ಅಗಲವಾದವು, ಭುಜ ಇಳಿದವು, ತಲೆ ಒಂದಿಷ್ಟು ಹಿಂದೆ ಸರಿದು ಮೇಲಕ್ಕೆದ್ದಿತು. ಪೂರ್ತಿ ನೆಟ್ಟಗಾಗಲಿಲ್ಲ. ಗೂನಿನ ಪಾಲು ಗೂನಿನ ಹತ್ತಿರವೇ ಉಳಿಯಿತು. ಆದರೆ ಅವನ ಬೆನ್ನು ತನ್ನ ಕೈಲಾದಷ್ಟು ಎದ್ದಿತ್ತು, ಮತ್ತು ಅದು ಅವನದೇ ಬೆನ್ನಾಗಿತ್ತು. ಇಷ್ಟಕ್ಕಿಂತ ಹೆಚ್ಚು ಇವತ್ತಿಗೆ ಆಗುವುದಿಲ್ಲವೆಂದು ಅವನಿಗೆ ತಿಳಿಯಿತು. ಇಷ್ಟನ್ನೇ ಅಕ್ಕನಿಗೆ ಕೊಡಬೇಕು. ಅವನು ಕೈ ಜೋಡಿಸಿದ. ಮಂದಿರವೆಲ್ಲ ಎದ್ದು ನಿಂತಿತು. ಅವನ ದನಿ ಕೊನೆಯ ಸಾಲಿನವರೆಗೂ ಕೇಳಿಸಿತು.

"ದೇವರೇ, ನಮ್ಮಕ್ಕ ನಿನ್ನ ಹತ್ತಿರ ಬಂದಿದ್ದಾಳೆ. ತಾಯಿಯಿಲ್ಲದ ನನ್ನನ್ನು ಸಾಕಿದಳು, ಈ ಬೀದಿಯ ಮಕ್ಕಳನ್ನೆಲ್ಲ ತಿದ್ದಿದಳು. ಬೈದದ್ದೆಲ್ಲ ಪ್ರೀತಿಯಿಂದ ಬೈದಳು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಅಲ್ಲಿ ಯಾರಾದರೂ ಮುದುಡಿ ಕೂತಿದ್ದರೆ ಅವಳು ಸುಮ್ಮನಿರುವವಳಲ್ಲ, ದೊಡ್ಡ ಮನಸ್ಸು ಮಾಡಿ ಸಹಿಸಿಕೋ. ಅವಳು ಬಹಳ ದಣಿದಿದ್ದಾಳೆ ತಂದೆ. ನಿನ್ನ ನೆರಳಿನಲ್ಲಿ ಅವಳಿಗೆ ವಿಶ್ರಾಂತಿ ಕೊಡು, ಅವಳ ಆತ್ಮಕ್ಕೆ ಶಾಂತಿ ಕೊಡು."