ಕಿಟಕಿಯ ಕಡೆ ನೋಡಿದರೆ ಹೌದು

ಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆದರೆ ಚರ್ಮ ಸುಲಿಯುತ್ತದೆ, ಎಳೆಯದಿದ್ದರೆ ಮೊಣಕಾಲು ಮಡಚುತ್ತದೆ. ಮ್ಯೂರಿಯಲ್ ಥ್ವೇಟ್ ಎಳೆದಳು. ನಿಲ್ಲುವ ಅಭ್ಯಾಸದ ಮರದ ಚೌಕಟ್ಟಿನೊಳಗೆ ಡಿಲಿಸ್ ನೆಟ್ಟಗಾದಳು. ಹತ್ತು ವರ್ಷದ ಹುಡುಗಿ. ಎದೆಗೊಂದು, ಸೊಂಟಕ್ಕೊಂದು, ಮೊಣಕಾಲಿಗೊಂದು ಪಟ್ಟಿ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟು ಬಿದ್ದು ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ, ನಾಲಿಗೆಯೂ.

"ನೋವಾಗ್ತಿದೆಯಾ?"

ಡಿಲಿಸ್ ಕಿಟಕಿಯ ಕಡೆ ನೋಡಿದಳು.

"ಇನ್ನು ನಲವತ್ತು ನಿಮಿಷ ಅಷ್ಟೆ," ಎಂದಳು ಮ್ಯೂರಿಯಲ್.

ಕಿಟಕಿ ಎಂದರೆ ಹೌದು, ನೆಲ ಎಂದರೆ ಇಲ್ಲ. ಇದು ಗೊತ್ತಾಗಿ ಏಳು ವಾರವಾಗಿತ್ತು. ಮೊದಲು ಆಕಸ್ಮಿಕ ಅಂದುಕೊಂಡಿದ್ದಳು. ಆಮೇಲೆ ಸುಳ್ಳು ಪ್ರಶ್ನೆ ಕೇಳಿ ಪರೀಕ್ಷಿಸಿದಳು. ನಿನ್ನ ಹೆಸರು ಮಾರ್ಗರೆಟ್ಟಾ? ನೆಲ. ಈವತ್ತು ಗುರುವಾರಾನಾ? ಕಿಟಕಿ. ನಾನು ಇವತ್ತು ಬೇಜಾರಲ್ಲಿದೀನಾ? ಡಿಲಿಸ್ ತುಸು ಹೊತ್ತು ಅವಳ ಮುಖವನ್ನೇ ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗಿದ್ದಳು. ಮ್ಯೂರಿಯಲ್ ಆ ದಿನ ಮತ್ತೆ ಪ್ರಶ್ನೆ ಕೇಳಿರಲಿಲ್ಲ.

ಹೆಡ್‌ಮಾಸ್ಟರ್ ರಿಗ್ಬಿಗೆ ಒಮ್ಮೆ ಹೇಳಿದ್ದಳು. ಆತ ಪೈಪಿನ ಬೂದಿ ಕೊಡವುತ್ತ ನಕ್ಕಿದ್ದ. "ತಾಯಂದಿರು ಹೀಗೆ ಹೇಳ್ತಾರೆ, ಮಿಸ್ ಥ್ವೇಟ್. ಪಾಪ, ಅವರಿಗೆ ಬೇಕಾದ್ದು ಅವರಿಗೆ ಕಾಣುತ್ತೆ. ನೀವು ತರಬೇತಿ ಆದವರು."

ತರಬೇತಿ ಆದವಳು. ಲಂಡನ್ನಿನ ಆಸ್ಪತ್ರೆಯಲ್ಲಿ ಮೂರು ವರ್ಷ ವ್ಯಾಯಾಮ ಚಿಕಿತ್ಸೆಯ ಕಲಿಕೆ, ಗೋಡೆಯ ಮೇಲೆ ಕಟ್ಟು ಹಾಕಿದ ಸರ್ಟಿಫಿಕೇಟು. ಮದುವೆ ಇಲ್ಲ, ಮಕ್ಕಳಿಲ್ಲ. ಗಿರಣಿಯ ಧಣಿಯೊಬ್ಬ ಕಟ್ಟಿಸಿದ್ದ ಈ ಬಂಗಲೆ ಅಂಗವಿಕಲ ಮಕ್ಕಳ ಶಾಲೆಯಾದ ಮೇಲೆ ಅಟ್ಟದ ಕೋಣೆ ಅವಳ ಪಾಲಿಗೆ ಬಂದಿತ್ತು. ತಾಯಿಯಂಥವಳು ಅನ್ನಿಸಿಕೊಳ್ಳುವುದು ಅವಳಿಗೆ ಬೈಗುಳದಂತೆ ಕೇಳಿಸಿತು. ಆಮೇಲೆ ಆ ಮಾತೆತ್ತಲಿಲ್ಲ.

ಹನ್ನೊಂದಕ್ಕೆ ಕೌನ್ಸಿಲ್‌ನ ಡಾಕ್ಟರ್ ಗಾರ್‌ಸೈಡ್ ಬಂದರು. ಒದ್ದೆ ಕೋಟು, ನೆಗಡಿ, ಅವಸರ. ಡಿಲಿಸ್ ವಿದ್ಯೆ ಕಲಿಯಬಲ್ಲವಳೋ ಅಲ್ಲವೋ ಎಂದು ಅವರು ಬರೆಯಬೇಕಿತ್ತು. ಅಲ್ಲ ಎಂದು ಬರೆದರೆ ಗುಡ್ಡದಾಚೆಯ ಬುದ್ಧಿಮಾಂದ್ಯರ ದೊಡ್ಡಾಸ್ಪತ್ರೆ. ಅಲ್ಲಿಗೆ ಹೋದ ಮಕ್ಕಳು ಯಾರೂ ಹಿಂದಿರುಗಿದ್ದನ್ನು ಮ್ಯೂರಿಯಲ್ ಕಂಡಿರಲಿಲ್ಲ.

ಡಾಕ್ಟರು ಮೇಜಿನ ಮೇಲೆ ನಾಲ್ಕು ಚಿತ್ರ ಹರವಿದರು. "ಬಟ್ಟಲು ಎಲ್ಲಿದೆ? ತೋರಿಸಮ್ಮ."

ಡಿಲಿಸಳ ಕೈ ಮೇಲೆದ್ದಿತು, ಬಾಗಿತು, ಚಿತ್ರಗಳನ್ನೆಲ್ಲ ಗುಡಿಸಿಹಾಕಿತು. ಡಾಕ್ಟರ ಜೊತೆ ಬಂದಿದ್ದ ರಿಗ್ಬಿ ಬಗ್ಗಿ ಆರಿಸಿಕೊಟ್ಟ.

"ನಾಯಿ?"

ಮತ್ತೆ ಗುಡಿಸಿತು. ಬಾಯಿಯ ಅಂಚಿನಿಂದ ಜೊಲ್ಲು ಇಳಿಯಿತು. ಡಾಕ್ಟರು ಕರವಸ್ತ್ರ ತೆಗೆದು ತಮ್ಮ ಮೂಗೊರೆಸಿಕೊಂಡರು.

"ನೀವು ದಿನಾ ನೋಡೋರು, ಮಿಸ್ ಥ್ವೇಟ್. ಇವಳಿಗೆ ನಾವಾಡೋದು ತಿಳಿಯುತ್ತಾ?"

ಡಿಲಿಸ್ ಕಿಟಕಿಯ ಕಡೆ ನೋಡಿದಳು. ಕಣ್ಣು ಮಿಟುಕಿಸದೆ, ಕುತ್ತಿಗೆಯ ನರ ಉಬ್ಬುವಂತೆ ನೋಡಿದಳು.

"ಗಮನ ಬೇರೆಲ್ಲೋ ಇದೆ," ಎಂದು ಡಾಕ್ಟರು ಗುರುತು ಹಾಕಿಕೊಂಡರು.

ಮ್ಯೂರಿಯಲ್‌ಳ ಬಾಯಲ್ಲಿ ವಾಕ್ಯ ಸಿದ್ಧವಾಗಿತ್ತು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಅದರದರ ಜಾಗದಲ್ಲಿ. ರಿಗ್ಬಿ ಅವಳನ್ನು ನೋಡುತ್ತಿದ್ದ, ಸೌಜನ್ಯದಿಂದ.

"ಹೇಳೋದು ಕಷ್ಟ," ಎಂದಳು.

"ಕಷ್ಟವೇ," ಎಂದು ಡಾಕ್ಟರು ಬರೆದುಕೊಂಡರು.

ಊಟಕ್ಕೆ ಸಬ್ಬಕ್ಕಿ ಪಾಯಸವಿತ್ತು. ಮ್ಯೂರಿಯಲ್‌ಗೆ ಸೇರಲಿಲ್ಲ; ಆದರೂ ಪೂರ್ತಿ ತಿಂದಳು. ರಿಗ್ಬಿ ಎದುರಿನ ಕುರ್ಚಿ ಎಳೆದು ಕೂತ. "ಶುಕ್ರವಾರಕ್ಕೆ ಒಂದು ಹಾಸಿಗೆ ಖಾಲಿಯಾಗುತ್ತೆ. ಕಾಯ್ತಾ ಇರೋ ಹದಿನೇಳು ಮಕ್ಕಳಲ್ಲಿ ಒಬ್ಬಳು ಇವತ್ತೇ ನಾಲ್ಕು ಗಂಟೆಗೆ ಬಂದುಹೋಗ್ತಾಳೆ. ಕಾಲಿನ ಪಟ್ಟಿ ಮಾಡಿಸೋಕೆ ಅಚ್ಚು ತೆಗೆದಿಡಿ. ಪೋಲಿಯೊ. ಚುರುಕು ಹುಡುಗಿಯಂತೆ."

"ಡಾಕ್ಟರ ವರದಿ ಇನ್ನೂ..."

"ಬರುತ್ತೆ ಬಿಡಿ."

ಮೂರು ಗಂಟೆಗೆ ಡಿಲಿಸಳ ತಾಯಿ ಮಿಸೆಸ್ ಪ್ರೋಬರ್ಟ್ ಬಂದಳು. ಗಿರಣಿಯಿಂದ ಅರ್ಧ ದಿನ ರಜೆ ಕೇಳಿಕೊಂಡು ಬಂದಿದ್ದಳು. ತಲೆವಸ್ತ್ರದ ಅಂಚಿಗೆ ಹತ್ತಿಯ ಧೂಳು. ಮಗಳ ಬಾಯೊರೆಸಿ, ಹೊರಗೆ ಕಾರಿಡಾರಿಗೆ ಬಂದು ಮ್ಯೂರಿಯಲ್‌ಳನ್ನು ತಡೆದಳು.

"ಏನಂದ್ರು ಮಿಸ್?"

"ಪೋಸ್ಟಲ್ಲಿ ತಿಳಿಸ್ತಾರೆ."

"ಕಣ್ಣಿನ ವಿಷಯ ಹೇಳಿದ್ರಾ ಯಾರಾದ್ರೂ? ಕಿಟಕಿ ನೋಡಿದ್ರೆ ಹೌದು ಅಂತ. ನಾನು ಹೇಳಿದ್ರೆ ನಗ್ತಾರೆ. ನೀವು ಕಂಡಿದೀರಲ್ಲ."

"ಮಕ್ಕಳು ಕಿಟಕಿ ನೋಡ್ತಾನೇ ಇರ್ತಾರೆ, ಮಿಸೆಸ್ ಪ್ರೋಬರ್ಟ್. ಬೆಳಕಿರುತ್ತಲ್ಲ."

ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ತಲೆವಸ್ತ್ರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಹೋದ ತಿಂಗಳು ಅವಳನ್ನ ಕೇಳಿದ್ದೆ," ಎಂದಳು. "ನಿನ್ನ ಮಾತು ಇಲ್ಲಿ ಯಾರಿಗಾದ್ರೂ ತಿಳಿಯುತ್ತಾ ಅಂತ. ಒಬ್ಬೊಬ್ಬರದೇ ಹೆಸರು ಹೇಳ್ತಾ ಹೋದೆ. ಹೆಡ್‌ಮಾಸ್ಟ್ರು, ನೆಲ. ಮೇಟ್ರನ್, ನೆಲ. ಅಡಿಗೆಯವಳು, ನೆಲ. ನಿಮ್ಮ ಹೆಸರಿಗೆ ಕಿಟಕಿ ನೋಡಿದಳು."

ಮ್ಯೂರಿಯಲ್ ಗಡಿಯಾರ ನೋಡಿಕೊಂಡಳು.

"ಇರಲಿ ಬಿಡಿ," ಎಂದಳು ಮಿಸೆಸ್ ಪ್ರೋಬರ್ಟ್. "ಅವಳೂ ತಪ್ಪು ತಿಳ್ಕೊಂಡಿರಬಹುದು. ಮಗು ತಾನೆ." ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮಧ್ಯಾಹ್ನ ಎರಡನೇ ಸಲ ಬಿಗಿದಿದ್ದ ಡಿಲಿಸಳ ಪಟ್ಟಿ ಬಿಚ್ಚುವುದಿತ್ತು. ಮ್ಯೂರಿಯಲ್ ಅವಳ ಮುಂದೆ ಮಂಡಿಯೂರಿದಳು. ಏನೋ ಕೇಳಬೇಕೆಂದುಕೊಂಡಳು; ಹೌದು-ಇಲ್ಲಗಳಲ್ಲಿ ಉತ್ತರವಿರುವ ಪ್ರಶ್ನೆ ಒಂದೂ ಹೊಳೆಯಲಿಲ್ಲ. ಕೊನೆಗೆ, "ಸುಸ್ತಾಯ್ತಾ?" ಎಂದಳು.

ಡಿಲಿಸ್ ಕಣ್ಣು ಮುಚ್ಚಿಕೊಂಡಳು. ನಿದ್ದೆಯಲ್ಲ, ರೆಪ್ಪೆಗಳು ಬಿಗಿಯಾಗಿದ್ದವು. ಕೊನೆಯ ಪಟ್ಟಿ ಬಿಚ್ಚಿದರೂ ತೆರೆಯಲಿಲ್ಲ.

ನಾಲ್ಕು ಗಂಟೆಗೆ ಹೊಸ ಹುಡುಗಿ ಬಂದಳು. ನೋರೀನ್, ಐದು ವರ್ಷ, ಬಾಯಿ ತುಂಬ ಮಾತು. ಮ್ಯೂರಿಯಲ್ ಪ್ಲಾಸ್ಟರಿನ ಬಿಳಿ ಹಿಟ್ಟನ್ನು ನೀರಲ್ಲಿ ಕಲಸಿ, ಅದರಲ್ಲಿ ಬಟ್ಟೆಪಟ್ಟಿಗಳನ್ನು ಅದ್ದಿ, ಆ ಕಡ್ಡಿಯಂಥ ಕಾಲಿಗೆ ಸುತ್ತುತ್ತ ಬಂದಳು. ಗಟ್ಟಿಯಾಗುವ ತನಕ ಎರಡೂ ಕೈಯಿಂದ ಹಿಡಿದಿರಬೇಕು.

"ಬೆಚ್ಚಗಿದೆ," ಎಂದಳು ನೋರೀನ್. "ಎಷ್ಟೊತ್ತು ಮಿಸ್?"

"ಸ್ವಲ್ಪ ಹೊತ್ತು."

"ನಾನು ಅಲ್ಲಾಡಲ್ಲ. ಅಮ್ಮ ಹೇಳಿದಾಳೆ, ಅಲ್ಲಾಡದೇ ಇದ್ರೆ ಇಲ್ಲಿ ಇಟ್ಕೋತಾರಂತೆ."

ಹುಡುಗಿ ಉಸಿರು ಬಿಗಿಹಿಡಿದು ಕೂತಳು. ಅಚ್ಚು ತಣ್ಣಗಾಗುತ್ತ ಬಂತು. ಮ್ಯೂರಿಯಲ್‌ಳ ಬೆರಳುಗಳ ಸಂದಿಯಲ್ಲಿ, ಉಗುರಿನಡಿ, ಮಣಿಕಟ್ಟಿನ ಸುತ್ತ ಬಿಳಿಪು ಬಿಗಿದುಕೊಳ್ಳತೊಡಗಿತು.

"ಈಗ ಬಿಡಬಹುದಾ ಮಿಸ್?"

ಕಾಲು ಎಲ್ಲಿ ಮುಗಿಯಿತು, ತನ್ನ ಕೈ ಎಲ್ಲಿ ಶುರುವಾಯಿತು ಎಂದು ಮ್ಯೂರಿಯಲ್‌ಗೆ ತಿಳಿಯುತ್ತಿರಲಿಲ್ಲ.

"ಇನ್ನೂ ಇಲ್ಲ," ಎಂದಳು, ಹಿಡಿದೇ ಇದ್ದಳು.