ಒಂದು ಅಡ್ಡಗೆರೆ

"ಇದು ನನ್ನ ಕಾರ್ಡ್," ಎಂದು ರಹೀಮಾ ಅದನ್ನು ಕಂಪ್ಯೂಟರಿನ ಮುಂದೆ ಇಟ್ಟಳು. "ನಂದು ಓ ನೆಗೆಟಿವ್. ನೀವು ಪಾಸಿಟಿವ್ ಅಂತ ಪ್ರಿಂಟ್ ಮಾಡೀರಿ."

ವೃಂದಾ ಕಾರ್ಡನ್ನು ತಿರುಗಿಸಿ ನೋಡಿದಳು. ಶಹಾಬಾದಿನ ಕಲ್ಲುಗಣಿಗಳ ಕೆಲಸಗಾರರಿಗೆ ಅವರ ಸಂಘದವರು ಹಂಚಿದ ಗುರುತಿನ ಕಾರ್ಡು ಅದು. ಅದರ ಪ್ರೋಗ್ರಾಮ್ ಬರೆದವರು ಇಬ್ಬರು. ಇಲ್ಲಿಯ ಕಂಪ್ಯೂಟರ್ ಕೇಂದ್ರದಲ್ಲಿ ಅವಳು, ವಾಡಿ ಊರಿನ ಶಾಖೆಯಲ್ಲಿ ದೇವಿಂದ್ರ. ಒಬ್ಬರು ತಿದ್ದಿದ ಫ್ಲಾಪಿ ಪ್ಯಾಸೆಂಜರ್ ಗಾಡಿಯಲ್ಲಿ ಇನ್ನೊಬ್ಬರಿಗೆ ಹೋಗುತ್ತಿತ್ತು.

ರಹೀಮಾ ಸಂಘದ ದವಾಖಾನೆಯ ನರ್ಸ್. "ಮುಂಜಾನಿ ನರಸಪ್ಪನ ಕಾಲ ಮ್ಯಾಲ ಫರಸಿ ಕಲ್ಲು ಬಿದ್ದದ. ಗುಲಬರ್ಗಾಕ್ಕ ಒಯ್ದಾರ. ಇಂಥಾದೇ ಕಾರ್ಡ್ ಅವನ ಕಿಸೇದಾಗ ಅದ."

ವೃಂದಾ ನರಸಪ್ಪನ ಹೆಸರು ಹುಡುಕಿದಳು. ಕಂಪ್ಯೂಟರಿನಲ್ಲಿ ಬಿ ನೆಗೆಟಿವ್ ಎಂದಿತ್ತು; ಅಂದರೆ ಅವನ ಕಾರ್ಡಿನಲ್ಲೂ ಪಾಸಿಟಿವ್ ಅಂತಲೇ ಅಚ್ಚಾಗಿರಬೇಕು. ರಹೀಮಾ ಗುಲಬರ್ಗಾದ ದವಾಖಾನೆಗೆ ಫೋನ್ ಮಾಡಲು ಎದುರಿನ ಎಸ್‌ಟಿಡಿ ಬೂತಿಗೆ ಓಡಿದಳು.

ಹೊಸ ಫ್ಲಾಪಿ ಕೊಡಲು ಬಂದಿದ್ದ ದೇವಿಂದ್ರ ಗೋಡೆಗೆ ಒರಗಿ ನಿಂತಿದ್ದ. ಕೇಂದ್ರದ ಮಾಲಕ ಜಗದೇವಪ್ಪ ಒಳಗಿನಿಂದ ಬಂದು ಅವನನ್ನೇ ದಿಟ್ಟಿಸಿದರು. "ಪ್ರೋಗ್ರಾಮಿಗೆ ಕಡೀಕ ಕೈ ಹಚ್ಚಿದಾಂವ ನೀನೇ ಅಲ್ಲೇನು? ನಾಳಿಂದ ಬರಬ್ಯಾಡ."

"ರಕ್ತದ ಭಾಗ ನಾ ಮುಟ್ಟೇ ಇಲ್ರಿ. ಅದನ್ನ ಬರದವರು ವೃಂದಾ ಮೇಡಂ."

"ನನ್ನ ಹತ್ರ ಇದ್ದಾಗ ಸರೀನೇ ಬರ್ತಿತ್ತು," ಎಂದಳು ವೃಂದಾ, ಸಿಟ್ಟಿನಿಂದ.

"ಹಂಗಾದ್ರ ಎರಡೂ ಫ್ಲಾಪಿ ಹಚ್ಚಿ ನೋಡ್ರಿ."

ಅವಳು ತನ್ನ ಹಳೆಯ ಫ್ಲಾಪಿಯನ್ನು ತೆಗೆದಳು. ಎರಡು ಪ್ರತಿಗಳನ್ನು ಹೋಲಿಸಿ ಬೇರೆಯಾದ ಸಾಲುಗಳನ್ನಷ್ಟೇ ತೋರಿಸುವ ಆದೇಶ ಕೊಟ್ಟಳು. ಇಬ್ಬರೂ ಪರದೆಗೆ ಬಾಗಿದರು.

"ಇದೇನ್ರಿ ದೇವಿಂದ್ರ?"

"ಮನಿ ನಂಬರು, ಫೋನ್ ನಂಬರಿನಾಗ ಮಂದಿ ಅಡ್ಡಗೆರಿ ಹಾಕ್ಯಾರ. ಸಾಲು ಕಾರ್ಡಿನ ಹೊರಗ ಹೋಗಾಕತ್ತಿತ್ತು. ಅದಕ್ಕ ಅಡ್ಡಗೆರಿ ತೆಗೆದೀನಿ."

"ಎಲ್ಲಾ ಕಡೀ?"

"ಎಲ್ಲಾ..." ಅವನು ರಹೀಮಾಳ ಕಾರ್ಡನ್ನು ಕೈಗೆತ್ತಿಕೊಂಡ.

ವೃಂದಾ ತಾನು ಬರೆದ ಸಾಲಿಗೆ ಹೋದಳು. ರಕ್ತದ ಗುಂಪಿನ ಪಕ್ಕ ಅಡ್ಡಗೆರೆ ಇದ್ದರೆ ನೆಗೆಟಿವ್, ಇಲ್ಲದಿದ್ದರೆ ಪಾಸಿಟಿವ್. ಪ್ಲಸ್ ಗುರುತು ನಿಜವಾಗಿ ಇದೆಯೇ ಎಂದು ನೋಡುವ ಗೋಜಿಗೇ ಅವಳು ಹೋಗಿರಲಿಲ್ಲ. ಅವನು ಗೆರೆಯನ್ನು ಅಳಿಸಿದ್ದ. ಗೆರೆ ಇಲ್ಲದವರನ್ನೆಲ್ಲ ಅವಳ ಸಾಲು ಪಾಸಿಟಿವ್ ಮಾಡಿತ್ತು.

"ತಪ್ಪು ಇಬ್ಬರದೂ ಅದರೀ ಸರ್," ಎಂದಳು. "ಇವರ ಒಬ್ಬರದ ಅಲ್ಲ."

ಜಗದೇವಪ್ಪ ಕುರ್ಚಿ ಎಳೆದು ಕುಳಿತರು. "ಎಷ್ಟು ಮಂದೀದು ಕೆಟ್ಟದ?"

"ನೆಗೆಟಿವ್ ಇದ್ದವರದು ಅಷ್ಟೇ ರೀ. ಭಾಳ ಇಲ್ಲ," ಎಂದ ದೇವಿಂದ್ರ. ಅವನ ಬೆರಳುಗಳು ಆಗಲೇ ಕೀಲಿಗಳ ಮೇಲಿದ್ದವು. ಜಗದೇವಪ್ಪ ಮತ್ತೆ ನಾಳೆಯ ಮಾತು ಎತ್ತಲಿಲ್ಲ.

ರಹೀಮಾ ಏದುಸಿರು ಬಿಡುತ್ತ ಬಂದಳು. "ದವಾಖಾನಿಯವರು ಕಾರ್ಡ್ ನೋಡೇ ಇಲ್ಲಂತ. ತಾವೇ ರಕ್ತ ಪರೀಕ್ಷಾ ಮಾಡ್ಯಾರ. ನೆಗೆಟಿವ್ ರಕ್ತಾನೇ ಏರಿಸಾಕತ್ತಾರ. ಕಾಲೂ ಉಳೀತದಂತ."

ದೇವಿಂದ್ರ ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡ. ವೃಂದಾಗೆ ಯಾಕೋ ನಗು ಬಂತು. ತಡೆಯಲು ಹೋಗಿ ಕಣ್ಣು ಒದ್ದೆಯಾಯಿತು.

ಸಂಜೆ ಅವರಿಬ್ಬರೂ ತಿದ್ದಿದ ಕಾರ್ಡುಗಳನ್ನು ಹಿಡಿದು ಗಣಿಯ ಬಾಯಲ್ಲಿ ನಿಂತಿದ್ದರು. ಕೆಲಸ ಮುಗಿಸಿ ಮೇಲೇರಿ ಬಂದ ಸಾಬಮ್ಮ ಕೈಯ ಕಲ್ಲುಪುಡಿಯನ್ನು ಸೆರಗಿಗೆ ಒರೆಸಿ ಹೊಸ ಕಾರ್ಡ್ ಇಸಿದುಕೊಂಡಳು.

"ಹಳೇದರಾಗ ನನ್ನ ಫೋಟೋ ಚಂದ ಬಂದಿತ್ತು."

"ಅದೇ ಫೋಟೋ ಅದ, ಅವ್ವಾ," ಎಂದ ದೇವಿಂದ್ರ.

ಸಾಬಮ್ಮ ಕಾರ್ಡನ್ನು ಇಳಿಬಿಸಿಲಿಗೆ ಹಿಡಿದು ತನ್ನ ಮುಖವನ್ನು ಇನ್ನೊಮ್ಮೆ ನೋಡಿಕೊಂಡಳು.